ಗ್ಯಾರಂಟಿ ಮೋಟರಿನ ಪುನರ್ಜನ್ಮ

ಕೊಳವೆಬಾವಿಯೊಳಗೆ ಸತ್ತ ಮೋಟರನ್ನು ಮೇಲೆತ್ತುವುದಕ್ಕೆ ಮನುಷ್ಯನ ಹೆಣ ಎತ್ತುವುದಕ್ಕಿಂತ ಹೆಚ್ಚು ಜನ ಬೇಕು. ಹೆಣಕ್ಕೆ ನಾಲ್ವರು ಸಾಕು. ಮೋಟರಿಗಾದರೆ ಮೂರು ಕಾಲಿನ ಕಂಬ ನಿಲ್ಲಿಸಲು ಇಬ್ಬರು, ಚೈನ್ ಪುಲ್ಲಿ ಎಳೆಯಲು ಇಬ್ಬರು, ಪೈಪಿಗೆ ಕ್ಲಾಂಪು ಹಾಕಿ ಒಂದೊಂದಾಗಿ ಬಿಚ್ಚಲು ಇಬ್ಬರು, ಇವರೆಲ್ಲರ ಮೇಲೆ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತ ಸಲಹೆ ಕೊಡಲು ಊರ ಹಿರಿಯರು. ಈ ಕೊನೆಯವರ ನೆರವಿಲ್ಲದೆ ನಮ್ಮ ಕಡೆ ಒಂದು ಮೋಟರೂ ಮೇಲೆ ಬಂದದ್ದನ್ನು ನಾನು ಕಾಣೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಈ ಹೆಣ ಎತ್ತುವ ಕೆಲಸ ವಿಪರೀತವಾಯಿತು. ನಾನಾಗ ಸಬ್‌ಮರ್ಸಿಬಲ್ ಪಂಪು ಮಾಡುವ ಕಂಪನಿಯೊಂದರ ಗ್ಯಾರಂಟಿ ಮೆಕ್ಯಾನಿಕ್. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ನನ್ನ ಸಾಮ್ರಾಜ್ಯ; ಒಂದು ಮೋಟರ್ ಸೈಕಲ್ಲು ನನ್ನ ಚತುರಂಗ ಸೇನೆ. ಮಾರಿದ ಮೋಟರು ಗ್ಯಾರಂಟಿಯೊಳಗೆ ಕೆಟ್ಟರೆ ನಾನು ಹೋಗಿ ನೋಡಬೇಕು. ತಪ್ಪು ಕರೆಂಟಿನದೋ, ಸ್ಟಾರ್ಟರಿನದೋ, ಕೇಬಲ್ಲಿನದೋ ಎಂದು ಒಂದೊಂದಾಗಿ ಖುಲಾಸೆ ಮಾಡುತ್ತ ಬಂದು, ಕೊನೆಗೆ ಮೋಟರಿನದೇ ಎಂದು ತೀರ್ಮಾನವಾದರೆ ಅದರ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಕತ್ತರಿ ಗುರುತು ಎಳೆಯಬೇಕು. ಅಲ್ಲಿಗೆ ಅದರ ಆಯುಷ್ಯ ತೀರಿತು. ಅದು ಶ್ರೀರಂಗಪಟ್ಟಣದ ನಮ್ಮ ಗೋಡೌನಿಗೆ ಬಂದು, ಟೆಂಪೊ ಹತ್ತಿ ಬೆಂಗಳೂರಿನ ಡಿಪೊಗೆ ಹೋಗಿ, ಅಲ್ಲಿಂದ ತಮಿಳುನಾಡಿನ ಕಾರ್ಖಾನೆ ಸೇರಬೇಕು. ಕಾರ್ಖಾನೆಯವರು ಅದನ್ನು ಒಡೆದು ಸಾವಿನ ಕಾರಣ ಹುಡುಕಿ, ತಾಮ್ರ ಬೇರೆ ಕಬ್ಬಿಣ ಬೇರೆ ಮಾಡಿ ಕರಗಿಸಿ, ಬದಲಿಗೆ ಹೊಸ ಮೋಟರು ಕಳಿಸಬೇಕು. ಆ ಹೊಸದು ಹಳೆಯದು ಹೋದ ದಾರಿಯಲ್ಲೇ ತಿರುಗಿ ಬಂದು ಅದೇ ಬಾವಿಗೆ ಇಳಿಯಬೇಕು. ಒಯ್ದ ಟೆಂಪೊವೇ ತರುವ ಟೆಂಪೊ. ಇಷ್ಟು ಸುಸೂತ್ರವಾದ ಸುತ್ತು ಗ್ರಹಗಳಿಗೂ ಇಲ್ಲವೆಂದು ನಾನು ನಂಬಿಕೊಂಡಿದ್ದೆ.

ಡಿಪೊದ ಯಜಮಾನರು ನನಗೆ ಗುರುಗಳು. ಮರ್ಯಾದೆಗೆ ಹೇಳುವ ಮಾತಲ್ಲ. ಪಾಂಡವಪುರದ ಸೀಮೆಯವರು, ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು, ಮೆಗ್ಗರ್ ತಿರುಗಿಸುವುದನ್ನು ಕೈ ಹಿಡಿದು ಕಲಿಸಿದವರು. ಮೆಗ್ಗರ್ ಎಂದರೆ ಹಿಡಿಕೆ ಇರುವ ಒಂದು ಕರಿ ಪೆಟ್ಟಿಗೆ. ಮೋಟರಿನೊಳಗೆ ಸುತ್ತಿರುವ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ಆ ಹೊದಿಕೆ ಗಟ್ಟಿಯಿದೆಯೋ, ಎಲ್ಲಾದರೂ ತೂತಾಗಿ ಕರೆಂಟು ಸೋರುತ್ತಿದೆಯೋ ಎಂಬುದನ್ನು ಪೆಟ್ಟಿಗೆಯ ಮುಳ್ಳು ಹೇಳುತ್ತದೆ. ಮುಳ್ಳು ಸೊನ್ನೆಗೆ ಬಿದ್ದರೆ ಮೋಟರಿಗೆ ಸಾವು. ಮುಳ್ಳು ಅನಂತದ ಗುರುತಿಗೆ ಹೋಗಿ ನಿಂತರೆ ಪೂರ್ಣ ಆರೋಗ್ಯ. ಮೆಕ್ಯಾನಿಕ್ಕಿನ ಜನ್ಮದಲ್ಲಿ ಮೋಕ್ಷಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

"ಮೋಟ್ರು ಸುಳ್ಳೇಳ್ತದೆ, ಮಾರೋನು ಸುಳ್ಳೇಳ್ತಾನೆ, ಕೊಂಡೋನು ಸುಳ್ಳೇಳ್ತಾನೆ. ಮುಳ್ಳು ಸುಳ್ಳೇಳಾಕಿಲ್ಲ ಕಣ್ಲಾ," ಎಂದು ಗುರುಗಳು ಹೇಳಿಕೊಟ್ಟಿದ್ದರು. ನಾನು ಅದನ್ನು ಮಂತ್ರದ ಹಾಗೆ ಜಪಿಸಿಕೊಂಡು ಬಂದೆ.

ಆ ವರ್ಷದ ಮೋಟರುಗಳಿಗೆ ಏನೋ ರೋಗ ತಗಲಿತ್ತು. ಇಳಿಸಿದ ಒಂದೆರಡು ತಿಂಗಳಿಗೆಲ್ಲ ಮುಳ್ಳು ಸೊನ್ನೆಗೆ ಬೀಳುತ್ತಿತ್ತು. ಕೆ.ಆರ್. ಪೇಟೆಯ ಗೋವಿಂದನಹಳ್ಳಿ ಕಡೆಯ ಒಂದು ತೋಟದ್ದು ಹಾಗೆಯೇ ಹೋಯಿತು. ಅದನ್ನು ಇಳಿಸಿದ ದಿನ ಚೆನ್ನಾಗಿ ನೆನಪಿದೆ. ಈ ಮೋಟರುಗಳನ್ನು ಬಾವಿಗೆ ಬಿಡುವ ಮುನ್ನ ಹೊಟ್ಟೆಯೊಳಗೆ ನೀರು ತುಂಬಬೇಕು. ಒಳಗಿನ ನೀರೇ ಅದನ್ನು ತಂಪಾಗಿ ಇಡುವುದು. ಕಿರುಬೆರಳು ಹೋಗುವಷ್ಟು ಒಂದು ತೂತು, ಅದಕ್ಕೆ ತಿರುಪಿನ ಬಿರಡೆ. ನಾನು ಬಿರಡೆ ಬಿಚ್ಚಿ ಬಿಂದಿಗೆಯ ನೀರಿಗೆ ಕೈ ಚಾಚುವಷ್ಟರಲ್ಲಿ ಮನೆಯ ಹಿರಿಯಮ್ಮ ತಾಮ್ರದ ಚೊಂಬು ಹಿಡಿದು ಬಂದರು. ಹೇಮಾವತಿ ನೀರು, ಅದಕ್ಕೆ ಅರಿಶಿನ, ಮೇಲೆ ತೇಲುವ ತುಳಸಿ.

"ಬರೀ ಶುದ್ಧ ನೀರು ಹಾಕಬೇಕು ಕಣಮ್ಮ, ಕಂಪನಿ ರೂಲು," ಎಂದೆ.

"ಒಳೆ ನೀರ್‌ಗಿಂತ ಶುದ್ಧ ಯಾವ್ದಪ್ಪ ನಿಮ್ ಕಂಪ್ನೀಲಿ? ಭೂಮ್ತಾಯಿ ಒಟ್ಟೆಗೆ ಇಳ್ಸ್ತಾ ಇದ್ದೀರಿ, ಬರೀ ನೀರ್ ಕುಡ್ಸಿ ಕಳ್ಸಾಕಾದದಾ?"

"ಒಳಗೆ ಕಸ ಹೋದ್ರೆ ಬೇರಿಂಗು ಹಿಡ್ಕೊಳ್ತದೆ."

"ತುಳಸೀನ ಕಸ ಅಂದೋರ ಮೋಟ್ರು ಎಂಗ್ ಓಡ್ತದೋ ನಾನೂ ನೋಡ್ತೀನಿ."

ಬದುವಿನ ಮೇಲಿದ್ದ ಹಿರಿಯರು ಅಮ್ಮನ ಕಡೆ ತೀರ್ಪು ಕೊಟ್ಟರು. ಅರಿಶಿನದ ನೀರೂ ತುಳಸಿಯೂ ಗುಳುಗುಳು ಒಳಗೆ ಹೋದವು. ಆ ಮೋಟರು ಸತ್ತು ಮೇಲೆ ಬಂದಾಗ ನಾನು ಅದರ ಬಿರಡೆ ಬಿಚ್ಚಲಿಲ್ಲ. ವಾಪಸಾದ ಮೋಟರನ್ನು ಬಿಚ್ಚಬಾರದು, ಇದ್ದಂತೆಯೇ ಕಳಿಸಬೇಕು, ಶವಪರೀಕ್ಷೆ ಕಾರ್ಖಾನೆಯ ಹಕ್ಕು ಎನ್ನುವುದು ನಿಯಮ. ಕೆಂಪು ಕತ್ತರಿ ಎಳೆದು ಟೆಂಪೊಗೆ ಹಾಕಿದೆ. ಅಮ್ಮನಿಗೆ ಬದಲಿ ಮೋಟರು ಕೊಟ್ಟದ್ದೂ ಆಯಿತು.

ನಾಗಮಂಗಲದ ಕಡೆಯ ಒಬ್ಬ ಗೌಡರದ್ದು ಇದಕ್ಕಿಂತ ದೊಡ್ಡ ಕಥೆ. ಅವರ ಮೊದಲ ಮೋಟರು ಸತ್ತು, ಬದಲಿಗೆ ಇಳಿಸಿದ್ದೂ ಬೇಗನೆ ಸತ್ತಿತ್ತು. ಅವರಿಗಿದ್ದದ್ದು ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆ ಹುಳ. ಹುಳ ಸಾಕುವವರ ಮಾತಿನಲ್ಲಿ ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ, ಎಂದರೆ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಸಾಮಾನ್ಯದ್ದಲ್ಲ. ಆಗ ತೋಟದಲ್ಲಿ ಸೊಪ್ಪಿಲ್ಲದಿದ್ದರೆ ಅದುವರೆಗಿನ ಮೇವೂ ಮೈಮುರಿತವೂ ಹಾಳು.

ಎರಡನೇ ಹೆಣ ಮೇಲೆ ಬಂದಾಗ ಗೌಡರು ಅದರ ಮೇಲೊಂದು ಕಾಲಿಟ್ಟು ನಿಂತರು.

"ಮೋಟ್ರಪ್ನೋರೆ," ಎಂದರು. ಊರು ನನಗಿಟ್ಟ ಬಿರುದು ಅದು. "ಸಂತೇಲಿ ಮುದಿ ಎತ್ತು ಕೊಂಡ್ರೂ ಒಂದ್ ಉಕ್ಕೆ ಉಳಾಕಾದ್ರೂ ಬತ್ತದೆ. ಇದು ಎಲ್ಡ್ ಅಮಾಸೆ ಕಾಣಾಕಿಲ್ವಲ್ಲ."

"ಈ ಸಲ ಬರೋದು ಹೊಚ್ಚ ಹೊಸದು ಗೌಡ್ರೆ. ಪೆಟ್ಟಿಗೆ ನಿಮ್ಮ ಮುಂದೇನೇ ಒಡೀತೀನಿ."

"ಕಂಪ್ನಿ ಮಾತೋ, ನಿಮ್ ಮಾತೋ?"

"ನನ್ನ ಮಾತು."

"ಅಂಗಾದ್ರೆ ಸರಿ ಬುಡಿ. ಹುಳ ಮೂರ್ನೇ ಜ್ವರದಲ್ಲಿ ಅವೆ. ನಾಕ್ನೇದ್ರಲ್ಲಿ ಏಳೋ ಒತ್ಗೆ ತೋಟಕ್ಕೆ ನೀರ್ ಬುಡ್ಬೇಕು. ಕಂಪ್ನಿ ಯಾವನ್ ಕಂಡವ್ನೆ, ನಾನ್ ಕಂಡಿರೋದು ನಿಮ್ನ."

ಹೀಗೆ ನನ್ನ ಮಾತು ಗೌಡರ ತೋಟದಲ್ಲಿ ಅಡವಾಯಿತು.

ಡಿಪೊದಿಂದ ಮೋಟರು ಬಂದ ದಿನವೇ ಟೆಂಪೊ ಇಳಿಸದೆ ನಾಗಮಂಗಲಕ್ಕೆ ಹೊರಟೆವು. ಟೆಂಪೊದ ಯಜಮಾನರೂ ಚಾಲಕರೂ ಆದ ಸಾಹೇಬರು ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನವರು, ನಮ್ಮ ಜೀವಂತ ಮತ್ತು ಮೃತ ಮೋಟರುಗಳಿಗೆಲ್ಲ ಏಕಮಾತ್ರ ಸಾರಥಿ. ಗೌಡರ ಬಾವಿಯ ಹತ್ತಿರ ಮರದ ಪೆಟ್ಟಿಗೆ ಒಡೆದೆ. ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ಮೆಗ್ಗರ್ ಹಚ್ಚಿ ತಿರುಗಿಸಿದೆ. ಮುಳ್ಳು ಒಂದೇ ನೆಗೆತಕ್ಕೆ ಅನಂತಕ್ಕೆ ಹೋಗಿ ನಿಂತಿತು. ಹಿರಿಯರು ಸರದಿಯಲ್ಲಿ ಬಂದು ಅನಂತದ ದರ್ಶನ ಪಡೆದು ಹೋದರು.

ಮುಂದಿನದು ನೀರು ತುಂಬುವುದು. ಮೊದಲ ನೀರು ತೊಳೆದು ಚೆಲ್ಲುವ ನೀರು. ತುಂಬಿ, ಅಲ್ಲಾಡಿಸಿ, ಮೋಟರನ್ನು ಮಗುಚಿ ಸುರಿಯಬೇಕು. ಸಾಹೇಬರೂ ನಾನೂ ಹಿಡಿದು ಮಗುಚಿದೆವು. ಹಳದಿ ನೀರು ಬಂತು. ಸ್ವಲ್ಪ ಬಂದು ನಿಂತಿತು. ತೂತಿಗೆ ಏನೋ ಅಡ್ಡ ಸಿಕ್ಕಿತ್ತು. ಗೌಡರು ಹಿಪ್ಪುನೇರಳೆ ಕಡ್ಡಿಯೊಂದನ್ನು ಮುರಿದು ಮೀಟಿದರು. ಮುದುಡಿ ಕಪ್ಪಾದ ಒಂದು ಎಸಳು ಕಡ್ಡಿಯ ತುದಿಗೆ ಅಂಟಿ ಬಂತು. ಅದನ್ನು ಅಂಗೈಯಲ್ಲಿಟ್ಟು ತಿಕ್ಕಿ, ಮೂಸಿ, ನನ್ನ ಕಡೆ ನೋಡಿದರು.

"ತುಳಸಿ," ಎಂದರು.

ಬದುವಿನಿಂದ ಒಬ್ಬರು, "ಬಾಣ್ತೀನ ಕನ್ನೆ ಅಂದ್ಬುಟ್ಟು ಧಾರೆ ಎರೀತಾವ್ರಲ್ಲಪ್ಪ," ಎಂದರು. ಎಲ್ಲರೂ ನಕ್ಕರು. ಗೌಡರು ನಗಲಿಲ್ಲ.

ನಾಲ್ಕು ತಾಲ್ಲೂಕಿನಲ್ಲಿ ಮೋಟರಿಗೆ ತುಳಸಿ ಕುಡಿಸಿದ ಮನೆ ನನಗೆ ಗೊತ್ತಿದ್ದದ್ದು ಒಂದೇ. ಆ ಮೋಟರಿಗೆ ಮರಣದ ಗುರುತು ಹಾಕಿದವನು ನಾನೇ. ಇನ್ನೊಂದು ವಿಷಯ ಎಸಳಿನಷ್ಟೇ ಸ್ಪಷ್ಟವಾಗಿತ್ತು: ತಂತಿ ಬದಲಿಸಿದ್ದರೆ ಒಳಗೆ ಕಸ ಉಳಿಯುತ್ತಿರಲಿಲ್ಲ. ಹೊಸದು ಕೊಡುವುದಿರಲಿ, ಹಳೆಯದನ್ನು ಯಾರೂ ಬಿಚ್ಚಿಯೂ ನೋಡಿರಲಿಲ್ಲ. ಹಾಗಾದರೆ ಮುಳ್ಳು ಅನಂತಕ್ಕೆ ಹೋದದ್ದು ಹೇಗೆ? ಅದು ಮಾತ್ರ ನನಗೆ ಹೊಳೆಯಲಿಲ್ಲ.

ಗೌಡರು ಎಸಳನ್ನು ನನ್ನ ಕೈಗೆ ಕೊಟ್ಟು ಹೇಳಿದರು, "ಓಗ್ಲಿ, ಇಳ್ಸಿ. ಹುಳ ಗೂಡ್ ಕಟ್ಟೋಗಂಟ ಓಡುದ್ರೆ ಸಾಕು. ಆಮೇಲ್ ನೋಡ್ಕೊಳನ."

ಓಡುತ್ತಿತ್ತು. ಅಷ್ಟು ದಿನ ಅದು ಖಂಡಿತ ಓಡುತ್ತಿತ್ತು. ಇಳಿಸಿಬಿಟ್ಟಿದ್ದರೆ ಗೌಡರ ಸೊಪ್ಪೂ ಉಳಿಯುತ್ತಿತ್ತು, ನನ್ನ ಮುಖವೂ ಸದ್ಯಕ್ಕೆ ಉಳಿಯುತ್ತಿತ್ತು. ಆದರೆ ಇಳಿಸಿದ ಮೇಲೆ ಅದು ನಾನು ಗೌಡರಿಗೆ ಕೊಟ್ಟ ಹೊಸ ಮೋಟರಾಗುತ್ತಿತ್ತು. ನನ್ನ ಕೈಯಾರೆ ಈ ಹೆಣವನ್ನು ಮತ್ತೆ ಹೂಳಲಾರೆ ಎಂದೆ. ಅಷ್ಟು ಚೆನ್ನಾಗಿ ಹೇಳಲಿಲ್ಲ, "ಇದನ್ನ ಇಳಿಸಲ್ಲ ಗೌಡ್ರೆ, ಬೇರೆ ತರ್ತೀನಿ" ಎಂದಷ್ಟೇ ಹೇಳಿದೆ.

"ನೀವ್ ತರೋಗಂಟ ಹುಳುಕ್ಕೆ ಏನಾಕ್ಲಿ? ನಿಮ್ ಮಾತ್ನಾ?"

ನಾನು ಕಂಬ ಬಿಚ್ಚಿಸಿದೆ. ಪಕ್ಕದ ತೋಟ ಗೌಡರ ದಾಯಾದಿಯದು. ಬೇಲಿಯ ವಿಚಾರಕ್ಕೆ ಮಾತು ಬಿಟ್ಟು ಅದೆಷ್ಟೋ ಕಾಲವಾಗಿತ್ತಂತೆ. ನಾವು ಟೆಂಪೊ ಹತ್ತುವಾಗ ಗೌಡರು ಹೆಗಲ ವಲ್ಲಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಆ ಬೇಲಿಯ ಕಡೆಗೆ ಹೋಗುತ್ತಿದ್ದರು, ಸೊಪ್ಪು ಕೇಳುವುದಕ್ಕೆ.

ಮೋಟರನ್ನೂ ಎಸಳನ್ನೂ ತೆಗೆದುಕೊಂಡು ನೇರವಾಗಿ ಡಿಪೊಗೆ ಹೋದೆವು. ಗುರುಗಳು ಎಂದಿನಂತೆ, "ಬಾ ಕಣ್ಲಾ, ಉಂಡ್ಯಾ?" ಎಂದರು. ಊಟ ಹಾಕಿಸಿದರು. ಊಟವಾದ ಮೇಲೆ ಎಸಳನ್ನು ಮೇಜಿನ ಮೇಲಿಟ್ಟು, ಕೆ.ಆರ್. ಪೇಟೆಯ ಅಮ್ಮನ ಚೊಂಬಿನ ಕಥೆ ಹೇಳಿದೆ.

"ಫ್ಯಾಕ್ಟ್ರೀಲಿ ಪರೀಕ್ಷೆ ಮಾಡೋ ತೊಟ್ಟಿ ಅವೆ ಕಣ್ಲಾ. ಗಾಳಿಗೆ ಎಲೆ ಬೀಳ್ತದೆ."

"ತುಳಸಿ ಗುರುಗಳೇ."

"ತುಳಸಿ ಬರೀ ನಿನ್ ಕೆ.ಆರ್. ಪೇಟೇಲೇ ಬೆಳೆದದಾ? ತಮಿಳ್ನಾಡಲ್ಲಿ ಬೃಂದಾವನ ಇಲ್ವಾ?"

"ನೀರು ಅರಿಶಿನ ಇತ್ತು."

"ತುಕ್ಕು. ಕಬ್ಬಿಣದ ಒಳಗೆ ನೀರ್ ನಿಂತ್ರೆ ಇನ್ಯಾವ್ ಬಣ್ಣ ಬತ್ತದೆ? ಇಷ್ಟ್ ವರ್ಷ ಏನ್ ಕಲ್ತೆಯೋ."

ಗುರು ಹೇಳಿದ ಮೇಲೆ ಅರಿಶಿನವೂ ತುಕ್ಕಾಗುತ್ತದೆ. ನಂಬಿದೆ ಎನ್ನಲಾರೆ; ನಂಬದಿರುವುದಕ್ಕೆ ನಾಚಿದೆ. ಅವರು ಎದ್ದು ಉಗ್ರಾಣಕ್ಕೆ ಹೋಗಿ, ಪೆಟ್ಟಿಗೆಗಳನ್ನು ತಟ್ಟಿ ನೋಡಿ, "ಇದ್ನ ತಕ್ಕೊಂಡೋಗು, ನಾನೇ ಆರ್ಸಿ ಕೊಡ್ತಾ ಇವ್ನಿ," ಎಂದು ಒಂದನ್ನು ತಮ್ಮ ಕೈಯಿಂದ ಟೆಂಪೊವರೆಗೆ ತಳ್ಳಿಕೊಂಡು ಬಂದರು. ವಯಸ್ಸಾದವರು ಬೆವರಿದ್ದನ್ನು ನೋಡಿ ನನಗೆ ಪಾಪವೆನಿಸಿತು.

ದಾರಿಯಲ್ಲಿ ಮದ್ದೂರು ದಾಟಿದ ಮೇಲೆ ಸಾಹೇಬರು, "ಸಾಬ್, ಬೇಜಾರ್ ಮಾಡ್ಕೋಬ್ಯಾಡಿ. ಉಸ್ತಾದ್ ಅಂದ್ರೆ ನಮ್ಗೂ ಇಜ್ಜತ್ತೇ. ಆದ್ರೆ ಉಸ್ತಾದು ಬ್ಯಾರೆ, ಗೋಡೌನು ಬ್ಯಾರೆ," ಎಂದರು.

"ಏನು ಮಾಡೋಣ ಅಂತೀರಿ?"

"ಗೌಡ್ರ ಮುಂದೆ ಇನ್ನೊಂದ್ ಸಲ ಮಗುಚಾಕೆ ನನ್ ಕೈಲಾಗಲ್ಲ. ಮದ್ಲು ನಮ್ಮೋರ್ ಮುಂದೆ ಮಗುಚನ."

ಪಾಂಡವಪುರದ ನಮ್ಮ ಡೀಲರ ಅಂಗಡಿಯ ಹಿಂದೆ ದನಗಳಿಗೆ ನೀರು ಕುಡಿಸುವ ಸಿಮೆಂಟಿನ ತೊಟ್ಟಿಯಿತ್ತು. ಅಲ್ಲಿ ಪೆಟ್ಟಿಗೆ ಒಡೆದೆ. ಮೆಗ್ಗರ್ ಹಚ್ಚಿದೆ, ಅನಂತ. ಮಗುಚಿದೆ, ನೀರು ತಿಳಿಯಾಗಿತ್ತು, ತುಳಸಿ ಗಿಳಸಿ ಇರಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲಿಂದಲೇ ಗುರುಗಳಿಗೆ ಕೈ ಮುಗಿಯುವುದೊಂದು ಬಾಕಿ. ಆದರೂ ಬಾವಿಯೊಳಗಿನ ಮೋಟರು ಒದ್ದೆಯಾಗಿರುತ್ತದೆ, ನಾನು ಯಾವಾಗಲೂ ಅಳೆಯುವುದು ಒಣಗಿದ್ದನ್ನು ಎಂಬುದು ಆ ಹೊತ್ತಿಗೆ ತಲೆಗೆ ಬಂತು. ಹೊಟ್ಟೆಗೆ ನೀರು ತುಂಬಿ, ಬಿರಡೆ ಬಿಗಿದು, ಇಡೀ ಮೋಟರನ್ನು ತೊಟ್ಟಿಯಲ್ಲಿ ಮುಳುಗಿಸಿ, ಕೇಬಲ್ಲಿನ ತುದಿ ಮಾತ್ರ ಮೇಲೆ ಕಟ್ಟಿ ಬಿಟ್ಟುಬಂದೆ.

ಮಾರನೆಯ ದಿನ ಮೆಗ್ಗರ್ ತಿರುಗಿಸಿದರೆ ಮುಳ್ಳು ಎದ್ದೇಳಲಿಲ್ಲ. ಅನಂತದಿಂದ ಶೂನ್ಯಕ್ಕೆ ಬರಲು ವೇದಾಂತಿಗಳಿಗೆ ಹಲವು ಜನ್ಮ ಬೇಕಂತೆ. ಈ ಮೋಟರಿಗೆ ದನದ ತೊಟ್ಟಿಯಲ್ಲಿ ಒಂದು ರಾತ್ರಿ ಸಾಕಾಯಿತು.

ಆಗ ಎಲ್ಲ ತಿಳಿಯಿತು. ತಂತಿಯ ಹೊದಿಕೆಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದರೆ, ಒದ್ದೆಯಾದಾಗ ಮಾತ್ರ ಕರೆಂಟು ಸೋರುತ್ತದೆ. ಅಂಥ ಮೋಟರಿನ ನೀರು ಬಸಿದು, ಬಿಸಿಲಿಗೋ ಬಿಸಿ ಗೂಡಿಗೋ ಇಟ್ಟು ಮೂಳೆಯವರೆಗೆ ಒಣಗಿಸಿದರೆ ಮುಳ್ಳು ಅನಂತವನ್ನೇ ತೋರಿಸುತ್ತದೆ. ಬಾವಿಗಿಳಿದು ನೀರು ಕುಡಿದು ಕೆಲವು ವಾರ ತಿರುಗಿದ ಮೇಲೆ ಮತ್ತೆ ಸಾಯುತ್ತದೆ. ಮುಳ್ಳು ಸುಳ್ಳು ಹೇಳುವುದಿಲ್ಲ ನಿಜ. ಅದಕ್ಕೆ ಯಾವಾಗ ನಿಜ ಹೇಳಿಸಬೇಕೆಂಬುದು ಗುರುಗಳಿಗೆ ಗೊತ್ತಿತ್ತು. ಶಿಷ್ಯನಿಗೆ ಆ ಅಧ್ಯಾಯ ಮಾಡಿರಲಿಲ್ಲ.

ಡೀಲರ ಅಂಗಡಿಯಿಂದ ಒಂದು ಹಳೆಯ ಚೂರಿ ತಂದು ಮೋಟರಿನ ಹೊಟ್ಟೆಯ ಮೇಲಿನ ಹಸಿರು ಬಣ್ಣ ಕೆರೆದೆ. ಇದನ್ನು ನಾಗಮಂಗಲದಲ್ಲೇ ಮಾಡಬಹುದಿತ್ತು. ಗುರುಗಳನ್ನು ಕೆರೆದು ನೋಡುವ ಧೈರ್ಯ ಅಲ್ಲಿ ಬಂದಿರಲಿಲ್ಲ. ಹಸಿರಿನ ಕೆಳಗೆ ಕೆಂಪು ಕಂಡಿತು. ಇನ್ನಷ್ಟು ಕೆರೆದೆ. ನನ್ನದೇ ಕತ್ತರಿ ಗುರುತು, ನನ್ನ ಕೈಯ ಓರೆಯ ಸಮೇತ. ಬೆವರು ಸುರಿಸಿ ಅವರೇ ಆರಿಸಿ ಕೊಟ್ಟ ಮೋಟರು ಅದು.

ನಾನು ಅಳಲಿಲ್ಲ, ಕೂಗಲಿಲ್ಲ. ಮೂರು ದಿನ ಶೇವ್ ಮಾಡಿಕೊಳ್ಳಲಿಲ್ಲ, ಅಷ್ಟೆ. ಮನೆಯಲ್ಲಿ ಕೇಳಿದರೆ ಸೂತಕ ಎಂದೆ.

ಗೋಡೌನಿನಲ್ಲಿ ಡಿಪೊಗೆ ಹೋಗಬೇಕಾದ ಸತ್ತ ಮೋಟರುಗಳು ರಾಶಿ ಬಿದ್ದಿದ್ದವು. ಅವು ಹೋದರೆ ಹಸಿರು ಬಳಿದುಕೊಂಡು ತಿರುಗಿ ಬರುತ್ತವೆ. ಕಳಿಸದೆ ಇಟ್ಟುಕೊಂಡರೆ ಬದಲಿ ಬರುವುದಿಲ್ಲ, ಕಾದವರು ಕಾಯುತ್ತಲೇ ಇರುತ್ತಾರೆ. ದೂರು ಕೊಡೋಣವೆಂದರೆ ದೂರು ಹೋಗುವ ದಾರಿಯೂ ಗುರುಗಳ ಮೇಜಿನ ಮೇಲೆಯೇ ಹಾದು ಹೋಗುತ್ತಿತ್ತು. ಯೋಚಿಸಿ ಯೋಚಿಸಿ ಒಂದೇ ಉಪಾಯ ಉಳಿಯಿತು. ಸತ್ತದ್ದು ಪೂರ್ತಿ ಸಾಯಬೇಕು. ಕಂಪನಿಯ ನಿಯಮದಲ್ಲಿ ಇದಕ್ಕೆ ಆಸ್ತಿ ನಾಶವೆಂಬ ಹೆಸರಿತ್ತು, ಮಾಡಿದವನ ಕೆಲಸ ಹೋಗುತ್ತಿತ್ತು. ಗೌಡರು ವಲ್ಲಿ ಕೈಲಿ ಹಿಡಿದು ನಡೆದದ್ದು ಕಣ್ಣಿಗೆ ಕಟ್ಟಿರದಿದ್ದರೆ ಮಾಡುತ್ತಿದ್ದೆನೋ ಇಲ್ಲವೋ.

ಸಾಹೇಬರು ಜೊತೆಗೆ ನಿಂತರು. ಕೇಬಲನ್ನು ಬುಡದ ಮಟ್ಟಕ್ಕೆ ಹ್ಯಾಕ್ಸಾದಲ್ಲಿ ಕೊಯ್ದೆವು. ತಳದ ಮುಚ್ಚಳ ಬಿಚ್ಚಿ, ತಿರುಗುವ ಭಾಗವನ್ನು ಹೊರಗೆಳೆದು, ಸುತ್ತಿದ ತಂತಿಯ ಗಂಟು ಎಲ್ಲಿ ಹೊರಗೆ ಕಾಣುತ್ತದೋ ಅಲ್ಲಿ ಸುತ್ತಲೂ ಉಳಿ ಇಟ್ಟು ಹೊಡೆದೆವು. ತಂತಿಯ ತಲೆ ಕತ್ತರಿಸಿದ ಮೋಟರನ್ನು ಯಾವ ಬಿಸಿಲೂ ಬದುಕಿಸಲಾರದು. ಮಧ್ಯಾಹ್ನದ ಹೊತ್ತಿಗೆ ಗೋಡೌನಿನ ನೆಲವೆಲ್ಲ ತಾಮ್ರದ ಚೂರು.

"ಕತ್ಲೇಆಮ್ ಮಾಡ್ಬುಟ್ವಿ ಸಾಬ್, ಒಂದೂ ಬಿಡ್ದಂಗೆ ಕೊಚ್ಚಾಕ್ಬುಟ್ವಿ," ಎಂದರು ಸಾಹೇಬರು, ಮೈ ಕೊಡವಿಕೊಳ್ಳುತ್ತ.

"ಕ್ರಿಯಾಕರ್ಮ ಅನ್ನಿ," ಎಂದೆ.

ಕತ್ತರಿಸಿದವನ್ನೆಲ್ಲ ಟೆಂಪೊದಲ್ಲಿ ಡಿಪೊಗೆ ಕಳಿಸಿದೆ. ಗುರುಗಳು ಮರುದಿನವೇ ಶ್ರೀರಂಗಪಟ್ಟಣಕ್ಕೆ ಬಂದರು. ಬಸ್ಸಿಳಿದು ನಡೆದುಕೊಂಡು ಗೋಡೌನಿಗೆ ಬಂದು, ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಕೆಲ್ಸ ಓಯ್ತದೆ ಕಣ್ಲಾ ನಿಂದು," ಎಂದರು, ಮಗುವಿಗೆ ಬುದ್ಧಿ ಹೇಳುವವರಂತೆ.

"ಗೊತ್ತು."

"ಯಾಕ್ ಮಾಡ್ದೆ?"

"ಹಸಿರು ಕೆರೆದು ನೋಡ್ದೆ."

ಅವರು ಸ್ವಲ್ಪ ಹೊತ್ತು ನೆಲದ ಮೇಲಿನ ತಾಮ್ರದ ಚೂರುಗಳನ್ನು ಕಾಲಿನಿಂದ ಒಟ್ಟುಮಾಡುತ್ತಿದ್ದರು. ಆಮೇಲೆ, "ಫ್ಯಾಕ್ಟ್ರಿಯೋರು ಒಸಾದು ಕಳ್ಸಾಕಿಲ್ಲ ಅಂತಾರೆ, ಜನ ಬೇಕು ಅಂತಾರೆ. ಮಧ್ಯ ನಾನ್ ಎಲ್ಲಿಂದ ತರ್ಲಿ?" ಎಂದರು.

"ಎಲ್ಲಾ ನನ್ನ ಏರಿಯಾಕ್ಕೇ ಯಾಕೆ ಕಳಿಸಿದ್ರಿ? ಇದು ನಿಮ್ಮ ಸೀಮೆ ಅಲ್ವಾ?"

ಈ ಪ್ರಶ್ನೆಗೆ ಅವರಿಗೆ ನಿಜವಾಗಿಯೂ ಆಶ್ಚರ್ಯವಾದಂತೆ ಕಂಡಿತು. "ಬ್ಯಾರೆ ಕಡೆ ಜನ ಬಿಚ್ಚಿ ನೋಡ್ತಾರೆ, ಕ್ಯಾತೆ ತೆಗೀತಾರೆ. ನಿನ್ ಏರಿಯಾದಲ್ಲಿ ನೋಡಾಕಿಲ್ಲ. ನೀನ್ ಒಸಾದು ಅಂದ್ರೆ ಒಸಾದು. ನಿನ್ ಮಾತ್ಗೆ ಅಂಥಾ ಬೆಲೆ ಬಂದೈತೆ ಕಣ್ಲಾ. ಅದ್ಕೇ ಕಳ್ಸ್ದೆ," ಎಂದರು.

ಹೊಗಳಿದರು. ನನ್ನ ಬದುಕಿನಲ್ಲಿ ಗುರುಗಳು ನನ್ನನ್ನು ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ.

ಗುರುಗಳ ಮೇಜಿನಿಂದಲೇ ಆಸ್ತಿ ನಾಶದ ದೂರು ಕಾರ್ಖಾನೆಗೆ ಹೋಯಿತು. ತಪ್ಪಿತಸ್ಥನನ್ನು ವಿಚಾರಿಸಲು ಅಲ್ಲಿಂದ ಒಬ್ಬ ಅಧಿಕಾರಿ ನಮ್ಮ ಗೋಡೌನಿಗೆ ಬಂದರು. ಸಣ್ಣಗೆ, ಬೆಳ್ಳಗೆ ಇಸ್ತ್ರಿ ಹೊಡೆದ ಅಂಗಿಯ ಮನುಷ್ಯ. ನನ್ನನ್ನು ವಿಚಾರಿಸುವುದಕ್ಕೆ ಮೊದಲು ಕತ್ತರಿಸಿದ ತಂತಿಯ ತುಂಡೊಂದನ್ನು ಎತ್ತಿ, ಬೆಳಕಿಗೆ ಹಿಡಿದು, ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಇನ್ನಷ್ಟು ತುಂಡು ಹೆಕ್ಕಿದರು. ಇಸ್ತ್ರಿ ಹಾಳಾಯಿತು.

"ಇಂಥ ಮೋಟಾರು ಒಂದು ಕೂಡ ನಮಗೆ ಬರಲಿಲ್ಲ," ಎಂದರು ತಮ್ಮ ತಮಿಳು ಕಲೆಸಿದ ಕನ್ನಡದಲ್ಲಿ. "ಕಾರಣ ಗೊತ್ತಾಗಲಿ ಅಂತ ಕೇಳಿ ಕೇಳಿ ಸಾಕಾಯಿತು. ಎಲ್ಲಾ ಇಲ್ಲೇ ಗುಜರಿಗೆ ಹಾಕಿಬಿಟ್ಟೆವು ಅಂತ ಡಿಪೊದಲ್ಲಿ ಹೇಳಿದರು. ಬದಲಿ ಮಾತ್ರ ನಾವು ಕಳಿಸುತ್ತಲೇ ಇದ್ದೇವಲ್ಲ, ಎಲ್ಲಾ ಹೊಸದು."

ಎಲ್ಲಾ ಹೊಸದು. ಅಂದರೆ ಗುರುಗಳು ಪೆಟ್ಟಿಗೆಯ ಮೇಲೆ ಕೂತು ನನಗೆ ಕೊಟ್ಟ ಆ ಕೊನೆಯ ಸಮಜಾಯಿಷಿಯೂ ಹಸಿರು ಬಣ್ಣವೇ. ಕೆಟ್ಟ ಮೋಟರು ಕಾರ್ಖಾನೆಗೆ ತಿರುಗಿ ಹೋಗಿದ್ದರೆ ಕೆಟ್ಟ ತಂತಿ ಮೊದಲ ತಿಂಗಳಲ್ಲೇ ಸಿಕ್ಕಿಬೀಳುತ್ತಿತ್ತು. ಹೋಗದ್ದರಿಂದ ಅವರು ಅದೇ ತಂತಿ ಸುತ್ತುತ್ತ ಹೋದರು, ನಾನು ಅದೇ ಹೆಣ ಎತ್ತುತ್ತ ಹೋದೆ. ಕಾರ್ಖಾನೆಯಿಂದ ಬಂದ ಹೊಸ ಮೋಟರುಗಳನ್ನು ಗುರುಗಳು ಯಾರಿಗೆ ಮಾರಿದರೋ, ಅವು ಯಾವ ಊರಿನ ನೀರು ಕುಡಿದವೋ ನನಗೆ ಇಂದಿಗೂ ಗೊತ್ತಿಲ್ಲ.

ನನ್ನ ಕೆಲಸ ಉಳಿಯಿತು. ಗುರುಗಳಿಗೆ ಶಿಕ್ಷೆಯೇನೂ ಆಗಲಿಲ್ಲ. ದೂರದ ಇನ್ನೊಂದು ರಾಜ್ಯದ ಡಿಪೊಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಹಾರ ಹಾಕುವುದು ಹಿರಿಯ ಶಿಷ್ಯನ ಹಕ್ಕು ಎಂದು ನನ್ನ ಕೈಗೇ ಹಾರ ಕೊಟ್ಟರು. ಹಾಕಿದೆ. ಅವರು ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಎರಡೂ ಕೆಲಸ ನಿಯಮದ ಪ್ರಕಾರ ನಡೆದವು.

ಇಸ್ತ್ರಿಯ ಅಧಿಕಾರಿ ಹೊಸ ತಂತಿ ಸುತ್ತಿದ ಮೋಟರೊಂದನ್ನು ಕಾರ್ಖಾನೆಯಿಂದ ನೇರವಾಗಿ ಕಳಿಸಿಕೊಟ್ಟರು. ಪಾಂಡವಪುರದ ತೊಟ್ಟಿಯಲ್ಲಿ ಅದನ್ನು ಮುಳುಗಿಸಿಟ್ಟು, ಒದ್ದೆಯಲ್ಲೇ ಅಳೆದು, ಮುಳ್ಳು ಮೇಲೆದ್ದು ನಿಂತದ್ದನ್ನು ಕಣ್ತುಂಬ ನೋಡಿ, ನಾಗಮಂಗಲಕ್ಕೆ ಒಯ್ದೆವು. ಅಷ್ಟರಲ್ಲಿ ಗೌಡರ ಹುಳ ದಾಯಾದಿಯ ಸೊಪ್ಪಿನಲ್ಲೇ ಹಣ್ಣಾಗಿ ಗೂಡು ಕಟ್ಟಿ ಮುಗಿಸಿತ್ತು. ಗೂಡು ತೆಳ್ಳಗೆ ಬಂದಿತ್ತು ಎಂದರು ಗೌಡರು.

ಬಾವಿಯ ಹತ್ತಿರ ನಾನು ಪೆಟ್ಟಿಗೆ ಒಡೆಯಲು ಹೋದರೆ ಗೌಡರು, "ನೀವ್ ಕೂತ್ಕಳಿ," ಎಂದರು. ಹಿರಿಯರು ಬದುವಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟರು. ಗೌಡರೂ ಅವರ ದಾಯಾದಿಯೂ ಸೇರಿ ಪೆಟ್ಟಿಗೆ ಒಡೆದರು. ಕುಡುಗೋಲಿನ ಮೊನೆಯಿಂದ ಬಣ್ಣ ಕೆರೆದರು. ಕೆಳಗೆ ಬರೀ ಉಕ್ಕು. ನೀರು ತುಂಬಿ ಮಗುಚಿದರು, ಒಂದು ಸಲವಲ್ಲ, ಮೂರು ಸಲ. ಹೊರಬಂದ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿದರು. ನಾನು ಬದುವಿನಿಂದ ಎಲ್ಲ ನೋಡುತ್ತಿದ್ದೆ. ಮೆಗ್ಗರ್ ತೆಗೆಯಲೇ ಎಂದು ಕೇಳಿದೆ. "ಬ್ಯಾಡಿ ಬುಡಿ," ಎಂದರು.

ಸಂಜೆಯ ಹೊತ್ತಿಗೆ ನೀರು ಬಂತು. ತೋಟದ ಕಾಲುವೆಯಲ್ಲಿ ತುಂಬಿ ಹರಿಯಿತು. ಗೌಡರ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ನನಗೂ ಸಾಹೇಬರಿಗೂ ಪಕ್ಕಪಕ್ಕದಲ್ಲೇ ಎಲೆ ಹಾಕಿ, ಬೇಡವೆಂದರೂ ಬಿಡದೆ ಬಡಿಸಿದರು. ಕೈ ತೊಳೆಯಲು ಗೌಡರೇ ನೀರು ಹಾಕಿದರು. ಟೆಂಪೊವರೆಗೆ ಜೊತೆಗೆ ಬಂದು, ನಾನು ಹತ್ತಿ ಕೂತ ಮೇಲೆ ಬಾಗಿಲನ್ನು ತಾವೇ ಹಾಕಿ, ಕಿಟಕಿಯ ಮೇಲೆ ಕೈಯಿಟ್ಟು ಹೇಳಿದರು.

"ಈ ಕಡೆ ಬಂದಾಗೆಲ್ಲ ಊಟುಕ್ಕೆ ಬನ್ನಿ ಮೋಟ್ರಪ್ನೋರೆ, ಸಂಕೋಚ ಮಾಡ್ಕಬ್ಯಾಡಿ. ಮೋಟ್ರು ಇಚಾರುಕ್ಕೆ ಮಾತ್ರ ಬರ್‌ಬ್ಯಾಡಿ. ಅದ್ನ ನಾವ್ ನೋಡ್ಕತೀವಿ."